ಸೀಗೆಪುಡಿಯ ಸ್ನಾನ

ನಾನು ಒಂದು ತೊಗಲಿನ ಬಿಲ್ಲೆ. ಎಮ್ಮೆಯ ತೊಗಲನ್ನು ಹದಮಾಡಿ, ಅಂಗೈಯಗಲಕ್ಕೆ ದುಂಡಗೆ ಕತ್ತರಿಸಿ, ಎರಡು ಕಬ್ಬಿಣದ ತೋಳುಗಳ ನಡುವೆ ನನ್ನನ್ನು ಬಿಗಿದರು. ಒಂದು ತೋಳು ಕಾರಿನ ಮೈಗೆ, ಇನ್ನೊಂದು ಗಾಲಿಯ ಅಚ್ಚಿಗೆ. ಹಳ್ಳ ದಿಣ್ಣೆ ಕಂಡರೆ ಕಾರಿನ ಭಾರ ಹೊತ್ತ ಕಬ್ಬಿಣದ ಕಮಾನು ಪಟ್ಟಿ ಕುಣಿಯುತ್ತದೆ. ನಾನು ತೋಳುಗಳನ್ನು ಉಜ್ಜಿ ಹಿಡಿದು, ಸಾಕು ನಿಲ್ಲು ಎನ್ನುತ್ತೇನೆ. ಅದೇ ನನ್ನ ಕಸುಬು.

ನನ್ನಂಥ ನಾಲ್ವರು ಮುಂಬಯಿಯಿಂದ ದಾವಣಗೆರೆಗೆ ಬಂದೆವು, ಅರಳೆ ಸಾಹುಕಾರ ಹಾಲಪ್ಪನವರ ದೊಡ್ಡ ಕಾರಿಗೆ. ಅದು ನಿಧಾನಕ್ಕೆ ಹೋದರೆ ತೊಟ್ಟಿಲು, ಜೋರಾಗಿ ಹೋದರೆ ತೂರಾಡುವ ಕುಡುಕ. ನಾವು ಬರುವ ಮೊದಲು, ಓಟದ ಹುಚ್ಚಿನ ಸಾಹುಕಾರರು ಕಮಾನು ಬಿರುಸಾಗಲೆಂದು ಕಮ್ಮಾರನಿಂದ ಪಟ್ಟಿ ಹೆಚ್ಚು ಹಾಕಿಸಿದ್ದರು. ಕಾರೇನೋ ನೆಟ್ಟಗಾಯಿತು, ಆದರೆ ಕುಲುಕಾಟಕ್ಕೆ ಅವರ ತಾಯಿ ಗುರುಸಿದ್ದವ್ವನ ಸೊಂಟ ಹಿಡಿದುಕೊಂಡಿತು. ಅಂದಿನಿಂದ ಅವ್ವ ಕಾರು ಹತ್ತಿರಲಿಲ್ಲ. ನಾವು ಬಂದ ಮೇಲೆ ಹೆಚ್ಚಿನ ಪಟ್ಟಿ ಬಿಚ್ಚಿದರು. ಕಾರು ಮೆತ್ತಗೂ ಓಡಿತು, ನೆಟ್ಟಗೂ ಓಡಿತು.

ಅಷ್ಟರಲ್ಲಿ ಆಯುಧಪೂಜೆ ಬಂತು. ಡ್ರೈವರ್ ಕೆಂಚಪ್ಪ ಕಾರಿನ ಕೀಲುಕೀಲಿಗೂ ಎಣ್ಣೆ ಬಿಟ್ಟ. ಭಕ್ತಿಯಿಂದ ನಮಗೂ ಕುಡಿಸಿದ. ಹಿಡಿಯಬೇಕಾದ ನಾನು ಜಾರಿದೆ. ಹರಿಹರದ ದಾರಿಯಲ್ಲಿ ಕಾರು ಹೊಯ್ದಾಡಿ ಆಲದ ಮರದ ಬುಡಕ್ಕೆ ಮೂಗು ತಾಗಿಸಿ ನಿಂತಿತು. ಮುಂಬಯಿಯವರ ಮೋಸ ಇದು ಎಂದು ಸಾಹುಕಾರರು ನಮ್ಮನ್ನು ಬಿಚ್ಚಿಸಿ ಮೂಲೆಗೆ ಹಾಕಿಸಿ, ಹೆಚ್ಚಿನ ಪಟ್ಟಿಯನ್ನೇ ಮತ್ತೆ ಹಾಕಿಸಿದರು.

ಚಿತ್ರದುರ್ಗದಲ್ಲಿ ಅವ್ವನ ಮಗಳ ಮಗಳು ಪಾರ್ವತಿಯ ಮದುವೆ. ತಾಯಿಯಿಲ್ಲದ ಆ ಹುಡುಗಿಯನ್ನು ಸಾಕಿದವಳು ಅವ್ವನೇ. ಸೊಂಟಕ್ಕೆ ಹೆದರಿ ಅವ್ವ ಹೋಗಿರಲಿಲ್ಲ. ಮದುವೆಯ ಹಿಂದಿನ ದಿನ ಬೆಳಿಗ್ಗೆಯೇ, ಮೊದಲೇ ಅಲ್ಲಿಗೆ ಹೋಗಿದ್ದ ಸಾಹುಕಾರರು ಬೆವರು ಸುರಿಸುತ್ತ ಕಾರಿನಲ್ಲಿ ಮರಳಿ ಬಂದರು. ಅಜ್ಜಿ ಬರದೆ ತಾಳಿ ಕಟ್ಟಿಸಿಕೊಳ್ಳುವುದಿಲ್ಲವೆಂದು ಹುಡುಗಿ ಹಟ ಹಿಡಿದು ಕೂತಿದ್ದಳು.

ನಾವಿದ್ದಾಗ ಕಾರು ಮೆತ್ತಗೆ ಓಡಿತ್ತೆಂದು ಕೇಳಿದ್ದ ಅವ್ವ ನಮ್ಮನ್ನು ತರಿಸಿ ಮುಟ್ಟಿ ನೋಡಿದಳು. ಬೆರಳು ಜಾರಿತು.

"ಹಿಡಿಯೋದಕ್ಕ ಎಣ್ಣಿ ಹಚ್ಚಿದ್ರ ಅದು ಏನು ಹಿಡದೀತು ಕೆಂಚಾ? ಹೋಗ್ಲಿ, ಎಣ್ಣಿ ಹಚ್ಚಿದ ಮ್ಯಾಲೆ ಎರಕೊಳ್ಳೋದು ಬ್ಯಾಡೇನು?"

ಸೀಗೆಪುಡಿ ಹಾಕಿ, ಬಾಣಂತಿಯ ಕೂಸಿಗೆ ಎರೆದಂತೆ ನಮಗೆ ಎರೆದಳು. ದಿನವಿಡೀ ಬಿಸಿಲಿಗೆ ಒಣಗಿಸಿದಳು. ಮರುದಿನ ಬೆಳಗಿನ ಬೆಳಕಿಗೆ ಕೆಂಚಪ್ಪ ಹೆಚ್ಚಿನ ಪಟ್ಟಿ ಬಿಚ್ಚಿ, ನಮ್ಮನ್ನು ಕೂರಿಸಿ ನಟ್ಟು ಬಿಗಿದ. ಮುಹೂರ್ತಕ್ಕೆ ಹೊತ್ತು ಬಹಳ ಇರಲಿಲ್ಲ.

ಸಾಹುಕಾರರು ಕಾರನ್ನು ಬಿಟ್ಟ ಬಾಣದಂತೆ ಓಡಿಸಿದರು. ಪಟ್ಟಿ ಕುಣಿಯಲು ಹೊರಟಿತು. ನಾನು ಹಲ್ಲು ಕಚ್ಚಿ ಹಿಡಿದೆ. ತಿರುವಿನಲ್ಲೂ ಕಾರು ವಾಲಲಿಲ್ಲ. ಹಿಂದಿನ ಸೀಟಿನಲ್ಲಿ ಕೂತ ಅವ್ವನ ಸೊಂಟ ಏನಾಯಿತೋ ಎಂದು ಸಾಹುಕಾರರಿಗೆ ಗಾಬರಿ.

"ಯವ್ವಾ, ನಿಧಾನ ಮಾಡ್ಲೇನು?"

"ನೀ ಹೊಡಿ ಮಗನ. ನಾ ಎಲಿಗೆ ಸುಣ್ಣ ಹಚ್ಚಾಕತ್ತೀನಿ."

ಸುಣ್ಣ ಎಲೆಯ ಅಂಚನ್ನೂ ದಾಟಿರಲಿಲ್ಲ.

ಅವ್ವ ಯಾರ ಕೈಯನ್ನೂ ಹಿಡಿಯದೆ ಚಪ್ಪರಕ್ಕೆ ನಡೆದಳು. ಕೆಂಪು ತುಟಿಯಲ್ಲಿ ನಗುತ್ತ ಮೊಮ್ಮಗಳ ತಲೆಗೆ ಮೊದಲ ಅಕ್ಕಿಕಾಳು ಹಾಕಿದಳು. ಹೊರಗೆ ಧೂಳು ಮೆತ್ತಿ ನಿಂತಿದ್ದ ನನಗೆ ವಾಲಗ ಕೇಳಿಸಿತು.

ಕಾಲ ಸರಿಯಿತು, ಅವ್ವ ಹೋದಳು, ಕಾರು ಗುಜರಿಗೆ ಹೋಯಿತು. ಪಾರ್ವತಿ ನನ್ನೊಬ್ಬನನ್ನು ಬಿಚ್ಚಿಸಿ ತಂದು, ಗಡಗಡ ಅಲುಗುವ ತನ್ನ ಹೊಲಿಗೆ ಮೆಷಿನ್ನಿನ ಕಾಲಡಿ ಇಟ್ಟಳು. ಈಗಲೂ ಕುಣಿತವನ್ನು ತಡೆಯುವುದೇ ನನ್ನ ಕೆಲಸ. ಈಗ ಅವಳೂ ಅಜ್ಜಿ. ಮೆಷಿನ್ನಿಗೆ ಎಣ್ಣೆ ಬಿಡುವಾಗಲೆಲ್ಲ ಬಗ್ಗಿ, ನನ್ನ ಮೇಲೊಂದು ಹನಿಯೂ ಬೀಳದಂತೆ ಸೆರಗು ಅಡ್ಡ ಹಿಡಿಯುತ್ತಾಳೆ.