ಖಾಲಿ ಪೀಠದ ನಕಲು

ಎರಡು ಸಾವಿರ ವರ್ಷ ಹಳೆಯ ಆ ಕಲ್ಲಿನಲ್ಲಿ ಬುದ್ಧನಿಲ್ಲ. ಮರದ ಕೆಳಗೆ ಒಂದು ಖಾಲಿ ಪೀಠ, ಅದರ ಮುಂದೆ ಎರಡು ಪಾದದ ಗುರುತು, ಸುತ್ತ ಕೈಮುಗಿದ ಜನ. ಬಿಡುಗಡೆ ಹೊಂದಿದವನಿಗೆ ರೂಪ ಕೊಡಬಾರದೆಂದೇ ಶಿಲ್ಪಿಗಳು ಹಾಗೆ ಕೆತ್ತಿದರೆಂದು ಬಲ್ಲವರು ಹೇಳುತ್ತಾರೆ. ಸಂಗ್ರಹಾಲಯದ ಪುಸ್ತಕಕ್ಕಾಗಿ ಅದರ ನಕಲು ಬಿಡಿಸುವುದು ನನ್ನ ಕೆಲಸ. ಮಗಳು ತೀರಿಕೊಂಡ ಮೇಲೆ ಕೆಲಸಕ್ಕೆ ಮರಳಿದ ಮೂರನೆಯ ದಿನ, ಅಧಿಕಾರಿ ನನ್ನ ಹಾಳೆಯ ಮೇಲೆ ಬಾಗಿ ನೋಡಿದರು.

“ಏನ್ರೀ ಯಜಮಾನ್ರೇ, ಶಿಲ್ಪಿಗೇ ಧೈರ್ಯ ಬರ್ಲಿಲ್ಲ, ನೀವು ಯಾರನ್ನೋ ಕೂರಿಸಿಬಿಟ್ಟಿದೀರಲ್ಲ?”

ಪೀಠದ ಮೇಲೆ, ಮಡಚಿದ ಮೊಣಕಾಲಿಗೆ ಗಲ್ಲ ಊರಿ ಕುಳಿತ ಆಕೃತಿಯಿತ್ತು. ಗೆರೆಗಳು ನನ್ನವೇ, ಎಳೆದ ನೆನಪು ಮಾತ್ರ ಇರಲಿಲ್ಲ. ಮಗಳು ಹಾಗೆಯೇ ಕೂರುತ್ತಿದ್ದಳು.

ನನ್ನ ಮುಖ ನೋಡಿ ಅವರು ದನಿ ತಗ್ಗಿಸಿದರು. “ಕಲ್ಲಲ್ಲಿ ಇಲ್ಲದ್ದು ಪುಸ್ತಕಕ್ಕೆ ಬೇಡ. ಬೇರೆ ಯಾರಾದ್ರೂ ಅಳಿಸ್ತಾರೆ, ಬಿಡಿ.”

“ಬೇಡ, ನಾನೇ ಅಳಿಸ್ತೀನಿ.”

ಕಲ್ಲಿನ ಆ ಭಕ್ತರಿಗೆ ಪೀಠ ಬರಿದೆಂದು ಗೊತ್ತಿತ್ತು, ಗೊತ್ತಿದ್ದೂ ಕೈಮುಗಿದಿದ್ದರು. ನನ್ನಿಂದಲೂ ಅಷ್ಟಾಗಬೇಕಿತ್ತು. ದೇವರನ್ನು ನೆನೆದು, ಕಾಲಿನಿಂದ ಶುರುಮಾಡಿ ಮುಖದವರೆಗೆ ಅಳಿಸಿದೆ. ಪೆನ್ಸಿಲಿನ ಕಪ್ಪು ಹೋಯಿತು. ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ, ಒತ್ತಿದ ಗೆರೆಗಳ ತಗ್ಗಿನಲ್ಲಿ ಅವಳು ಕುಳಿತೇ ಇದ್ದಳು. ಹಾಗೆಯೇ ಅಧಿಕಾರಿಯ ಕೈಗೆ ಕೊಟ್ಟೆ.