ನಾಲ್ಕು ಹೆಜ್ಜೆ ಮುಂದೆ

ನಾಲ್ಕನೆಯವಳಾದ ಆ ಜಿಂಬಾಬ್ವೆಯ ಬಸುರಿಯನ್ನೂ ಕಾವಲಿನವನು ಈ ದೇಶದ ಐಡಿ ಪುಸ್ತಕವಿಲ್ಲವೆಂದು ಸಾಲಿನಿಂದ ಗೇಟಿನಾಚೆ ಕಳಿಸಿದ ಮೇಲೆ ಹ್ಲುಲಾನಿ ಮಲುಲೆಕೆ ನಾಲ್ಕನೆಯ ಹೆಜ್ಜೆ ಮುಂದಿಟ್ಟ. ಈಗ ಕ್ಲಿನಿಕ್ಕಿನ ಬಾಗಿಲಿಗೆ ಅವನೇ ಮೊದಲಿಗ. ನಾಚಿಕೆಯಾಗಬೇಕಿತ್ತು, ಆಗಿದ್ದು ಸಮಾಧಾನ.

ಕೊರಳಿನ ಗಂಟು ಎರಡು ತಿಂಗಳಿಂದ ಬೆಳೆಯುತ್ತಿತ್ತು. ಇವತ್ತು ಡಾಕ್ಟರ ಚೀಟಿ ಸಿಕ್ಕರೆ ಜೊಹಾನ್ಸ್‌ಬರ್ಗಿನ ದೊಡ್ಡಾಸ್ಪತ್ರೆಯಲ್ಲಿ ಈ ವಾರವೇ ನೋಡುತ್ತಾರೆ. ಸಿಗದಿದ್ದರೆ ಯಾವಾಗಲೋ.

"ನೋಡಿದ್ರಾ ಮೇಷ್ಟ್ರೇ, ಸಾಲು ಹೆಂಗೆ ಕರಗ್ತು!" ಎಂದಳು ಹಿಂದೆ ಕಂಬಳಿ ಹೊದ್ದು ನಿಂತಿದ್ದ ಅಜ್ಜಿ ಥೆಂಜಿವೆ.

ಹೊರದೇಶದವರು ಹೋದರೆ ಸಾಲು ಅರ್ಧವಾಗುತ್ತದೆಂದು ಹ್ಲುಲಾನಿಯೇ ತರಗತಿಯಲ್ಲಿ ವರ್ಷಗಳಿಂದ ಪಾಠ ಹೇಳುತ್ತ ಬಂದಿದ್ದ. ತಿರುಗಿ ಎಣಿಸಿದ. ಅರವತ್ತರಲ್ಲಿ ಹೋದವರು ನಾಲ್ವರು. ಪಾಠ ನಿಜವಾಗಲು ಇನ್ನೂ ಇಪ್ಪತ್ತಾರು ಹೊರದೇಶದವರ ಕೊರತೆಯಿತ್ತು.

ಆಗ ಉಣ್ಣೆ ಟೋಪಿಯವನೊಬ್ಬ ಸಾಲಿನ ಪಕ್ಕದಿಂದ ಹಾದು ನೇರ ಬಾಗಿಲಿನತ್ತ ನಡೆದ. ಬೆಳಗಿನಿಂದ ತಾನಾಗಿಯೇ ಕಾವಲಿಗೆ ನಿಂತಿದ್ದ ಬಾರಿನ ಬೆಕಾನಿ ಅಡ್ಡ ಬಂದ.

"ಏಯ್, ಐಡಿ ತೆಗಿ."

"ನಾನು ಇಲ್ಲಿಯ ಡಾಕ್ಟರ್."

"ಹುಟ್ಟಿದ್ದೆಲ್ಲಿ?"

"ಲುಬುಂಬಾಶಿ. ಕಾಂಗೋ."

"ಹಂಗಾದ್ರೆ ಅಲ್ಲೇ ಡಾಕ್ಟರಾಗಪ್ಪ. ನಾನಿಲ್ಲಿ ಆರೋಗ್ಯ ಮಂತ್ರಿ."

ಸಾಲು ನಕ್ಕಿತು. "ಅದರ ಮೇಲೆ ಮಧ್ಯೆ ನುಗ್ಗೋದು ಬೇರೆ!" ಎಂದಳು ಅಜ್ಜಿ.

ಹ್ಲುಲಾನಿಯೂ ನಕ್ಕ. ಕಳೆದ ತಿಂಗಳು ಇದೇ ಡಾಕ್ಟರ್ ಕಬೊಂಗೊ ಅವನ ಕೊರಳು ಒತ್ತಿ ನೋಡಿ, ಈ ಮಂಗಳವಾರ ತಪ್ಪದೆ ಬನ್ನಿ, ಚೀಟಿ ಬರೆದುಕೊಡುತ್ತೇನೆ ಎಂದಿದ್ದರು. ಇವರು ಡಾಕ್ಟರೇ ಎಂಬ ಒಂದು ಮಾತು ಸಾಕಿತ್ತು. ಆದರೆ ಹ್ಲುಲಾನಿ ಗಡಿಯ ಕಡೆಯ, ಹೊರಗಿನವರೆಂದೇ ಜನ ಅನುಮಾನಿಸುವ ತ್ಸೊಂಗಾ ಜನಾಂಗದವನು. ಬಾಯಿಬಿಟ್ಟರೆ ಬೆಕಾನಿ ಅವನ ಊರನ್ನೂ ಕೇಳುತ್ತಾನೆ. ಐಡಿ ಜೇಬಿನಲ್ಲೇ ಇತ್ತು. ಆದರೂ ಮುಟ್ಟಿ ನೋಡಿಕೊಂಡ.

ಡಾಕ್ಟರ ಕಣ್ಣು ಒಂದು ಗಳಿಗೆ ಅವನ ಮೇಲೆ ನಿಂತಿತು. ಹ್ಲುಲಾನಿ ಮಫ್ಲರನ್ನು ಮೂಗಿನವರೆಗೆ ಎಳೆದುಕೊಂಡ. ಅವರು ತಿರುಗಿ ಗೇಟಿನಾಚೆ ಹೊರಟುಹೋದರು.

ಸಿಸ್ಟರ್ ಬಾಗಿಲು ತೆರೆದಳು. "ಡಾಕ್ಟ್ರು ಇನ್ನೂ ಬಂದಿಲ್ಲ. ಹೊರಗೆಲ್ಲಾದ್ರೂ ಕಂಡ್ರಾ?"

"ಇಲ್ವಲ್ಲ, ಸಿಸ್ಟರ್," ಎಂದ ಹ್ಲುಲಾನಿ.

"ಬನ್ನಿ, ಒಳಗೆ ಕೂತಿರಿ. ಇವತ್ತು ನೀವೇ ಮೊದಲು. ಅದೃಷ್ಟವಂತರು."

ಒಳಗೆ ಡಾಕ್ಟರ ಕುರ್ಚಿಯ ಬೆನ್ನಿಗೆ ಅವರ ಬಿಳಿ ಕೋಟು, ಎರಡೂ ತೋಳು ಇಳಿಬಿಟ್ಟುಕೊಂಡು. ಹೊರಗೆ ಅಜ್ಜಿ ಒಂದು ಹೆಜ್ಜೆ ಮುಂದೆ ಬಂದಳು. ಅವಳ ಹಿಂದೆ ಇಡೀ ಸಾಲು.

ಹ್ಲುಲಾನಿ ಕೋಟಿನೆದುರು ಕೂತ. ಮಫ್ಲರ್ ಬಿಚ್ಚಿದ. ಗದ್ದವೆತ್ತಿ, ಬಾಯನ್ನು ಅಗಲವಾಗಿ ತೆರೆದ.