ಉಸಿರು ಕಟ್ಟಿದ ಪಿಕಪ್

ಆಸ್ಪತ್ರೆಯ ಚಾದರಗಳನ್ನು ಮಡಚುವುದು ನನ್ನ ಮತ್ತು ಗುಬ್ಬಿಯ ಬೆಳಗಿನ ಕೆಲಸ. ಎರಡು ತುದಿ ಅವಳಿಗೆ, ಎರಡು ನನಗೆ. ಒಮ್ಮೆ ಜಾಡಿಸಿ, ಎದುರುಬದುರಾಗಿ ನಡೆದು ಬಂದು ತುದಿಗೆ ತುದಿ ಸೇರಿಸುತ್ತೇವೆ. ಗುಬ್ಬಿ ನನ್ನ ಮಗಳು, ಎಂಟು ವರ್ಷ. ದಿನವಿಡೀ ಚಿಲಿಪಿಲಿ ಎನ್ನುತ್ತಾಳೆಂದೇ ಆ ಹೆಸರು. ಆದರೆ ಸೋಮವಾರದಿಂದ ಅವಳ ಸದ್ದೇ ಇರಲಿಲ್ಲ. ಚಾದರ ಹಿಡಿದು ಹತ್ತಿರ ಬಂದಾಗ ಏನೋ ಕೇಳುವವಳಂತೆ ಬಾಯಿ ತೆರೆಯುವಳು. ಮರುಕ್ಷಣ ತುದಿಗಳನ್ನು ನನ್ನ ಕೈಗಿಟ್ಟು ಹಿಂದೆ ಸರಿಯುವಳು.

ಬುಧವಾರ, ಮರುದಿನಕ್ಕೆಂದು ಮಡಚುತ್ತಿದ್ದ ಹನ್ನೊಂದನೇ ಚಾದರ ಕೈಯಲ್ಲಿದ್ದಾಗ ಅಂಗಳದಲ್ಲಿ ನಮ್ಮ ಪಿಕಪ್ ಸದ್ದಾಯಿತು. ಹೊರಟು ಇಪ್ಪತ್ತು ನಿಮಿಷವೂ ಆಗಿರಲಿಲ್ಲ. ಬಟ್ಟೆಯ ಮೂಟೆಗಳು ಹೋದ ಹಾಗೆಯೇ ಹಿಂದೆ ಕೂತಿದ್ದವು.

"ಹತ್ತಲಿಲ್ಲ ಕಣೇ," ಎನ್ನುತ್ತಾ ನಮ್ಮವರು ಇಳಿದರು. "ಏರಿನ ಅರ್ಧಕ್ಕೆ ನಿಂತೇಬಿಡ್ತು. ಹಿಂದಿದ್ದ ಸ್ಕೂಟರಿನವನು, 'ಯಜಮಾನ್ರೇ, ತಳ್ಳಲಾ?' ಅಂದ. ಅವನ ಧೈರ್ಯ ಮೆಚ್ಚಬೇಕು."

ಗುಬ್ಬಿಯ ಕೈಯಿಂದ ಚಾದರ ಜಾರಿತು.

ನಮ್ಮದು ಬಟ್ಟೆ ಒಗೆಯುವ ಕೆಲಸ. ಆಸ್ಪತ್ರೆ ಗುಡ್ಡದ ಮೇಲಿದೆ. ಹಾಸಿಗೆ ಬದಲಿಸುವ ಹೊತ್ತಿಗೆ, ಎಂದರೆ ಹತ್ತು ಗಂಟೆಗೆ, ಚಾದರಗಳು ಅಲ್ಲಿರಬೇಕು. ಸೋಮವಾರ ಗಾಡಿ ಎರಡನೇ ಗೇರಿನಲ್ಲಿ ಹತ್ತಿತ್ತು, ಮಂಗಳವಾರ ಒಂದನೆಯದರಲ್ಲಿ. ನಮ್ಮವರು ಡೀಸೆಲ್ಲಿನ ಮೇಲೆ ಗುಮಾನಿಪಟ್ಟು ಹೊಸ ಡೀಸೆಲ್ ಫಿಲ್ಟರ್ ಹಾಕಿದ್ದರು. ಏನೂ ಪ್ರಯೋಜನವಾಗಿರಲಿಲ್ಲ.

ಕೊನೆಗೆ ತಮ್ಮ ಅಣ್ಣನಿಗೆ ಫೋನ್ ಮಾಡಿದರು. ಭಾವ ಮೆಕ್ಯಾನಿಕ್. ಪಕ್ಕದ ಬೀದಿಯಲ್ಲೇ ಗ್ಯಾರೇಜು. ಐದೇ ನಿಮಿಷದಲ್ಲಿ ಬಂದು, ಬಾನೆಟ್ ಎತ್ತುವ ಮೊದಲು ವಿಚಾರಣೆ ಶುರು ಮಾಡಿದರು.

"ಸ್ಟಾರ್ಟ್ ಆಗುತ್ತಾ?"

"ಒಂದೇ ಸಲಕ್ಕೆ."

"ನಿಂತಾಗ?"

"ಸಾಧು ಹಸು."

"ಏರಿನಲ್ಲಿ ಹೊಗೆ?"

"ಕಾಡಿಗೆ ಥರ ಕಪ್ಪು."

"ಅಂದ್ರೆ ಡೀಸೆಲ್ ಹೊಟ್ಟೆ ತುಂಬ ಸಿಗ್ತಿದೆ, ಗಾಳಿ ಸಾಲ್ತಿಲ್ಲ. ಎರಡು ದಿನ ಡೀಸೆಲ್ ಹಿಂದೆ ಬಿದ್ದಿದ್ದೀಯಲ್ಲೋ! ನಿನ್ನನ್ನ ನನ್ನ ಗ್ಯಾರೇಜಲ್ಲಿ ಮೂರು ವರ್ಷ ಇಟ್ಕೊಂಡಿದ್ದು ದಂಡ."

"ಮೂರು ವರ್ಷವೂ ಚಹಾ ತರೋಕೆ ಕಳಿಸ್ತಿದ್ದೆಯಲ್ಲ ಅಣ್ಣ. ಕಲಿಯೋದು ಯಾವಾಗ?"

ಭಾವ ನನ್ನನ್ನು ಸ್ಟೇರಿಂಗ್ ಮುಂದೆ ಕೂರಿಸಿ ಆಕ್ಸಿಲರೇಟರ್ ಒತ್ತಿಸಿದರು. ಗಾಳಿಯನ್ನು ಒತ್ತಿ ತುಂಬುವ ಟರ್ಬೋದಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಕೊಳವೆಯನ್ನು ಉದ್ದಕ್ಕೂ ಸವರಿದರು. ಬಿರುಕಿಲ್ಲ, ಗಾಳಿ ಸೋರುವ ಸದ್ದಿಲ್ಲ. ನಂತರ ಏರ್ ಫಿಲ್ಟರಿನ ಡಬ್ಬಿ ತೆರೆದು ಫಿಲ್ಟರನ್ನು ಕೈಗೆತ್ತಿಕೊಂಡರು. ನೆರಿಗೆ ನೆರಿಗೆಯಾಗಿ ಮಡಚಿದ ದಪ್ಪ ಕಾಗದ, ಅಂಚಿಗೆ ರಬ್ಬರ್.

"ಏನೋ ಇದು, ಇಷ್ಟು ಬೆಳ್ಳಗಿದೆ! ಹೊಸದಾ?"

ನಮ್ಮವರ ಎದೆ ಉಬ್ಬಿತು. "ಹಳೇದೇ ಅಣ್ಣ. ಭಾನುವಾರ ತೆಗೆದು ನಾಲ್ಕು ಸಲ ತಟ್ಟಿ ಮೆಟ್ಟಿಲ ಮೇಲಿಟ್ಟಿದ್ದೆ, ಅಷ್ಟೇ. ಸಂಜೆ ವಾಪಸ್ ಹಾಕುವಾಗ ನೋಡಿದ್ರೆ ಹೀಗೆ ಹೊಳೀತಿತ್ತು. ಕೈಗುಣ!"

"ಹಾಗಿದ್ರೆ ಇದೂ ಸರಿಯಿದೆ." ಭಾವ ಅದನ್ನು ಮೆಟ್ಟಿಲ ಮೇಲಿಟ್ಟು ತಲೆ ಕೆರೆದುಕೊಂಡರು. "ಟರ್ಬೋನೇ ಬಿಚ್ಚಬೇಕೇನೋ. ಎರಡು ದಿನ ಗಾಡಿ ಇಲ್ಲ ಅಂದ್ಕೊಳ್ಳಿ."

ಗುಬ್ಬಿ ಮೆಲ್ಲಗೆ ಹೋಗಿ, ಹಗ್ಗದಲ್ಲಿ ಒಣಗುತ್ತಿದ್ದ ಚಾದರದ ಹಿಂದೆ ನಿಂತಳು. ಎರಡು ಪುಟ್ಟ ಪಾದಗಳಷ್ಟೇ ಕಾಣುತ್ತಿದ್ದವು.

ನಮ್ಮ ಮನೆಯಲ್ಲಿ ಮೆಟ್ಟಿಲಿಗೆ ಒಂದು ಕಾನೂನಿದೆ. ಗಿರಾಕಿಗಳು ಬಟ್ಟೆಯ ಗಂಟು ಇಟ್ಟು ಹೋಗುವುದು ಅಲ್ಲಿ. ಹಾಗಾಗಿ ಮೆಟ್ಟಿಲ ಮೇಲೆ ಕೊಳೆಯಾದದ್ದು ಏನಿದ್ದರೂ ತೊಳೆಯಲಿಕ್ಕೇ ಎಂದು ಲೆಕ್ಕ. ನಮ್ಮವರ ಟೋಪಿ, ಒಮ್ಮೆ ಪಕ್ಕದ ಮನೆಯ ಕಾಲೊರಸು, ಎಲ್ಲವೂ ಹೀಗೆ ಹೇಳದೆ ಕೇಳದೆ ತೊಳೆಸಿಕೊಂಡಿವೆ.

ನಾನು ಹೋಗಿ ಫಿಲ್ಟರನ್ನು ಎತ್ತಿಕೊಂಡೆ. ಮೂಗಿನ ಹತ್ತಿರ ತರುವ ಮೊದಲೇ ನಮ್ಮ ಸೋಪಿನ ನಿಂಬೆ ವಾಸನೆ ಬಂತು. ನೆರಿಗೆಗಳು ಉಬ್ಬಿ ಒಂದಕ್ಕೊಂದು ಅಂಟಿಕೊಂಡಿದ್ದವು. ರಬ್ಬರಿನ ಅಂಚಿನಲ್ಲಿ ಬಟ್ಟೆಯ ಕ್ಲಿಪ್ಪು ಕಚ್ಚಿದ ಎರಡು ಗುರುತು. ಭಾನುವಾರ ವಾಷಿಂಗ್ ಮೆಷೀನಿನ ಬೆಲ್ಟ್ ಹರಿದು ನಾನೂ ನಮ್ಮವರೂ ಸಂಜೆವರೆಗೆ ಅದರ ಹಿಂದೆಯೇ ಕೂತಿದ್ದೆವು. ಗುಬ್ಬಿ ಕಾಲರ್ ಉಜ್ಜುವ ಬ್ರಷ್ ಹಿಡಿದು ನಲ್ಲಿಯ ಹತ್ತಿರ ಹಾಡಿಕೊಳ್ಳುತ್ತಿದ್ದದ್ದು ನೆನಪಾಯಿತು. ಅಪ್ಪ ತನ್ನ ಕೈಗುಣವನ್ನು ಹೊಗಳಿಕೊಂಡಾಗ ಅವಳು ಮುಸಿಮುಸಿ ನಕ್ಕಿದ್ದಳು. ಮರುದಿನ ಗಾಡಿ ಏರಿನಲ್ಲಿ ಏದುಸಿರು ಬಿಟ್ಟ ಸುದ್ದಿ ಬಂದದ್ದೇ ಆ ನಗು ನಿಂತುಹೋಗಿತ್ತು.

ಅಲ್ಲೇ ಹೇಳಿಬಿಡಬಹುದಿತ್ತು. ಆದರೆ ನಾನು ಹೇಳಿದರೆ ಗಾಡಿಯಷ್ಟೇ ಸರಿಯಾಗುತ್ತಿತ್ತು. ಮೂರು ದಿನದಿಂದ ಅವಳ ಗಂಟಲಲ್ಲಿ ಸಿಕ್ಕಿಕೊಂಡ ಮಾತು ಅಲ್ಲೇ ಉಳಿಯುತ್ತಿತ್ತು.

"ಭಾವ, ಇದಿಲ್ಲದೆ ಒಂದು ಸಲ ಎಂಜಿನ್ ರೈಸ್ ಮಾಡಿ ನೋಡಿ. ನೆರಿಗೆಯೆಲ್ಲ ಅಂಟಿಕೊಂಡಿದೆ," ಎಂದಷ್ಟೇ ಅಂದೆ.

ಅವರು ಫಿಲ್ಟರಿಗೆ ಬಾಯಿಟ್ಟು ಊದಿದರು. ಕೆನ್ನೆ ಉಬ್ಬಿತೇ ಹೊರತು ಗಾಳಿ ಆಚೆ ದಾಟಲಿಲ್ಲ. ಅದನ್ನು ಪಕ್ಕಕ್ಕಿಟ್ಟು ಎಂಜಿನ್ ರೈಸ್ ಮಾಡಿದಾಗ ಪಿಕಪ್ ಹಳೆಯ ಗಂಟಲಲ್ಲಿ ಗುಡುಗಿತು. ಕಪ್ಪು ಹೊಗೆಯ ಸುಳಿವಿಲ್ಲ.

"ಕಾಗದ ನೀರು ಕುಡಿದಿದೆ ಕಣಮ್ಮಾ! ಯಾರೋ ಇದಕ್ಕೆ ತಲೆಗೆ ಸ್ನಾನ ಮಾಡಿಸಿದ್ದಾರೆ." ಭಾವ ತಮ್ಮನ ಕಡೆ ತಿರುಗಿದರು. "ಇದೇನಾ ನಿನ್ನ ಕೈಗುಣ?"

ನಮ್ಮವರು ಮೆಟ್ಟಿಲು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಚಾದರದ ಕೆಳಗಿನ ಪಾದಗಳನ್ನು ನೋಡಿದರು. ನಗು ಉಕ್ಕಿಬಂತು. ನಾನು ಕಣ್ಣಲ್ಲೇ ಬೇಡವೆಂದೆ. ಅವರು ಕೆಮ್ಮಿ ಸುಧಾರಿಸಿಕೊಂಡು, "ಹೌದಣ್ಣ, ನಂದೇ ಕೈಗುಣ. ನೀನು ಬೇಗ ಹೊಸದು ತಾ," ಎಂದರು.

ಗ್ಯಾರೇಜಿನಿಂದ ಹೊಸ ಫಿಲ್ಟರ್ ಬಂತು. ಡಬ್ಬಿಯ ಕ್ಲಿಪ್ಪುಗಳು ಕಟಕಟನೆ ಕೂತವು. ಅಣ್ಣತಮ್ಮ ಇಬ್ಬರೂ ಹತ್ತಿ ಹೊರಟರು. ಬೀದಿಯ ತುದಿಯ ಏರಿನಲ್ಲಿ ಎಂಜಿನ್ ಒಂದೇ ಸ್ವರದಲ್ಲಿ ಎಳೆಯುವುದು ಮನೆಯವರೆಗೂ ಕೇಳಿಸಿತು. ಇನ್ನೂ ಒಂಬತ್ತೂಕಾಲು.

"ಗುಬ್ಬೀ, ಬಾ ಕಂದ. ತುದಿ ಹಿಡ್ಕೋ."

ಹೊರಗೆ ಬಂದಳು. ಬಿದ್ದಿದ್ದ ಚಾದರವನ್ನು ಜಾಡಿಸಿದೆವು. ಅವಳು ತುದಿಗಳನ್ನು ಎತ್ತಿಹಿಡಿದು ನಡೆದು ಬಂದಳು. ಬಾಯಿ ತೆರೆದಳು. ತುದಿಗಳನ್ನು ನನ್ನ ಕೈಗಿಡಲು ಹೋದಳು. ನಾನು ತೆಗೆದುಕೊಳ್ಳಲಿಲ್ಲ. ಚಾದರ ನಮ್ಮಿಬ್ಬರ ನಡುವೆ ತೊಟ್ಟಿಲಿನಂತೆ ಜೋತಿತ್ತು. ನಾನು ಮಂಡಿಯೂರಿ ಅವಳೆತ್ತರಕ್ಕೆ ಕೂತು ಕಾದೆ.

"ಅಮ್ಮಾ," ಎಂದಳು ಕೊನೆಗೂ, "ಅದು ಮೆಟ್ಟಿಲ ಮೇಲಿದ್ರೂ ತೊಳೀಬಾರ್ದಿತ್ತಾ?"